ಕ್ಯಾನ್ಸರ್ ಪತ್ತೆಗೆ, ಚಿಕಿತ್ಸೆಯ ನಿಗಾಕ್ಕೆ ರಕ್ತ ಪರೀಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಲ್ಯಾಬ್ ರಿಪೋರ್ಟಿನಲ್ಲಿ ದಪ್ಪಕ್ಷರದಲ್ಲಿ ಅಚ್ಚಾದ ಒಂದು ಸಂಖ್ಯೆ ಇಡೀ ಮನೆಯವರ ನಿದ್ದೆ ಕೆಡಿಸಬಲ್ಲದು. ಆ ಸಂಖ್ಯೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ಇಲ್ಲಿ ಬಿಡಿಸಿ ಹೇಳಿದ್ದೇವೆ. ಇದನ್ನು ಓದಿಕೊಂಡು ವೈದ್ಯರ ಮುಂದೆ ಕೂತರೆ ಯಾವ ಪ್ರಶ್ನೆ ಕೇಳಬೇಕೆಂದು ಗೊತ್ತಾಗುತ್ತದೆ. ಔಷಧಿ ನಿಲ್ಲಿಸುವ, ಬದಲಿಸುವ ತೀರ್ಮಾನ ಮಾತ್ರ ಅವರದ್ದೇ.

ಒಂದು ರಕ್ತ ಪರೀಕ್ಷೆ ಮಾಡಿಸಿದರೆ ಮೈಯಲ್ಲಿ ಕ್ಯಾನ್ಸರ್ ಇದೆಯೋ ಇಲ್ಲವೋ ಗೊತ್ತಾಗುತ್ತದೆಯೇ?

ಇಲ್ಲ. ಗಡ್ಡೆಯಾಗಿ ಬೆಳೆಯುವ ಕ್ಯಾನ್ಸರುಗಳಲ್ಲಿ ರೋಗ ಖಚಿತವಾಗುವುದು ಸಾಮಾನ್ಯವಾಗಿ ಬಯಾಪ್ಸಿಯಿಂದ. ಗಡ್ಡೆಯ ಚೂರನ್ನು ತೆಗೆದು ಸೂಕ್ಷ್ಮದರ್ಶಕದಡಿ ನೋಡಿದ ಪೆಥಾಲಜಿಸ್ಟ್ ಕೊಡುವ ವರದಿಯೇ ಆಧಾರ. ಇದಕ್ಕೆ ಕೆಲವು ಅಪವಾದಗಳಿವೆ. ಲಿವರ್ ಸಿರೋಸಿಸ್ ಇರುವವರಲ್ಲಿ ಸಿಟಿ ಅಥವಾ ಎಂಆರ್‌ಐ ಚಿತ್ರವೇ ಲಿವರ್ ಕ್ಯಾನ್ಸರನ್ನು ಖಚಿತಪಡಿಸಬಹುದು. ಕೆಲವು ರಕ್ತ ಕ್ಯಾನ್ಸರುಗಳ ನಿರ್ಣಯದಲ್ಲಿ ರಕ್ತವೇ ದೊಡ್ಡ ಪಾಲು ಹೊರುತ್ತದೆ. ಉಳಿದೆಡೆ ರಕ್ತ ಪರೀಕ್ಷೆ ಕೊಡುವುದು ಸುಳಿವು ಮಾತ್ರ.

ರಕ್ತ ಪರೀಕ್ಷೆಯ ನಿಜವಾದ ಬಲ ಕಾಣುವುದು ರೋಗ ಪತ್ತೆಯಾದ ಮೇಲೆ. ಚಿಕಿತ್ಸೆ ಫಲ ಕೊಡುತ್ತಿದೆಯೇ, ಆಪರೇಷನ್ ಆದ ಮೇಲೆ ಏನಾದರೂ ಉಳಿದಿದೆಯೇ, ವರ್ಷಗಳ ನಂತರ ರೋಗ ಮರಳುತ್ತಿದೆಯೇ ಎಂದು ತಿಳಿಯಲು ಇಷ್ಟು ಕಡಿಮೆ ತೊಂದರೆಯ ಸಾಧನ ಬೇರೆ ಇಲ್ಲ.

ಟ್ಯೂಮರ್ ಮಾರ್ಕರ್ ಎಂದರೆ ಏನು?

ಕ್ಯಾನ್ಸರ್ ಕೋಶಗಳು ತಾವೇ ತಯಾರಿಸಿ ರಕ್ತಕ್ಕೆ ಬಿಡುವ, ಅಥವಾ ಅವುಗಳಿಂದಾಗಿ ದೇಹ ಹೆಚ್ಚಾಗಿ ತಯಾರಿಸುವ ವಸ್ತು. ಹೆಚ್ಚಿನವು ಪ್ರೋಟೀನುಗಳು. ಇಲ್ಲಿ ಮರೆಯಬಾರದ ಸಂಗತಿಯೆಂದರೆ ಇವುಗಳಲ್ಲಿ ಬಹುತೇಕ ಯಾವುದೂ ಕ್ಯಾನ್ಸರಿಗೆ ಮಾತ್ರ ಮೀಸಲಲ್ಲ. ಪ್ರಾಸ್ಟೇಟ್ ಕ್ಯಾನ್ಸರಿಗೆ ನೋಡುವ ಪಿಎಸ್‌ಎಯನ್ನು ಆರೋಗ್ಯವಂತ ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿರುವ) ಗ್ರಂಥಿಯೂ ತಯಾರಿಸುತ್ತದೆ. ಲಿವರ್ ಕ್ಯಾನ್ಸರಿಗೆ ನೋಡುವ ಎಎಫ್‌ಪಿ ಗರ್ಭದಲ್ಲಿರುವ ಮಗುವಿನ ಲಿವರಿನಿಂದ ಬರುತ್ತದೆ. ಹೊಟ್ಟೆಯ ಒಳಪೊರೆ ಕೆರಳಿದರೆ ಸಾಕು, ಅಂಡಾಶಯದ ಕ್ಯಾನ್ಸರಿಗೆ ನೋಡುವ ಸಿಎ-125 ಏರುತ್ತದೆ. ಹಾಗಾಗಿ ಮಾರ್ಕರ್ ಏರಿದ್ದಕ್ಕೆ ಕ್ಯಾನ್ಸರಲ್ಲದ ಕಾರಣವೂ ಇರಬಹುದು. ಮಾರ್ಕರ್ ಸರಿಯಿದ್ದ ಮಾತ್ರಕ್ಕೆ ಕ್ಯಾನ್ಸರ್ ಇಲ್ಲವೆಂದೂ ಹೇಳಲಾಗದು.

ಫುಲ್ ಬಾಡಿ ಚೆಕಪ್ ಪ್ಯಾಕೇಜಿನಲ್ಲಿ 'ಕ್ಯಾನ್ಸರ್ ಪ್ರೊಫೈಲ್' ಇರುತ್ತದೆ. ಏನೂ ತೊಂದರೆ ಇಲ್ಲದವರು ಮಾಡಿಸಬಹುದೇ?

ಬೇಡ ಎಂಬುದೇ ನಮ್ಮ ಸ್ಪಷ್ಟ ಅಭಿಪ್ರಾಯ. ಕಾರಣ ಲೆಕ್ಕದಲ್ಲಿದೆ.

ಒಂದು ಊರಿನ 1,00,000 ಜನರಲ್ಲಿ 50 ಮಂದಿಗೆ ಒಂದು ಬಗೆಯ ಕ್ಯಾನ್ಸರ್ ಇದೆ ಎಂದುಕೊಳ್ಳಿ. ಪರೀಕ್ಷೆ ಚೆನ್ನಾಗಿಯೇ ಇದೆ: ರೋಗ ಇರುವ ನೂರರಲ್ಲಿ 80 ಮಂದಿಯನ್ನು ಹಿಡಿಯುತ್ತದೆ, ರೋಗ ಇಲ್ಲದ ನೂರರಲ್ಲಿ 95 ಮಂದಿಗೆ ಸರಿಯಾಗಿ 'ಇಲ್ಲ' ಎನ್ನುತ್ತದೆ. ಎಲ್ಲರಿಗೂ ಮಾಡಿಸಿದರೆ ನಿಜವಾದ ರೋಗಿಗಳು 40 ಮಂದಿ ಸಿಗುತ್ತಾರೆ. ಜೊತೆಗೆ ಸುಮಾರು 5,000 ಆರೋಗ್ಯವಂತರ ರಿಪೋರ್ಟೂ 'ಹೆಚ್ಚು' ಎಂದು ಬರುತ್ತದೆ. ಅಂದರೆ ಹೆಚ್ಚು ಎಂದು ಬಂದ ಸುಮಾರು 125 ಜನರಲ್ಲಿ ಒಬ್ಬರಿಗೆ ಮಾತ್ರ ಕ್ಯಾನ್ಸರ್. ಉಳಿದವರು ಸಿಟಿ ಸ್ಕ್ಯಾನ್, ಎಂಡೋಸ್ಕೋಪಿ, ಬಯಾಪ್ಸಿ ಎಂದು ತಿಂಗಳುಗಟ್ಟಲೆ ಅಲೆಯಬೇಕು. ಇತ್ತ ರೋಗವಿದ್ದೂ ತಪ್ಪಿಸಿಕೊಂಡ 10 ಮಂದಿ 'ನಾರ್ಮಲ್' ಎಂದು ನೆಮ್ಮದಿಯಾಗಿ ಮನೆಗೆ ಹೋಗಿರುತ್ತಾರೆ.

ಒಂದೇ ಸಲ ಹಲವು ಮಾರ್ಕರ್ ಮಾಡಿಸಿದರೆ ಗೋಜಲು ಇನ್ನೂ ಹೆಚ್ಚು. ಒಂದೊಂದರಲ್ಲೂ ನೂರು ಆರೋಗ್ಯವಂತರಲ್ಲಿ ಐವರ ಮಟ್ಟ ಮಿತಿ ದಾಟುತ್ತದೆ ಎಂದಿಟ್ಟುಕೊಂಡರೆ, ಐದು ಮಾರ್ಕರುಗಳ ಪ್ಯಾಕೇಜಿನಲ್ಲಿ ಏನೂ ಇಲ್ಲದ ವ್ಯಕ್ತಿಗೂ ಕನಿಷ್ಠ ಒಂದು 'ಹೆಚ್ಚು' ಬರುವ ಸಾಧ್ಯತೆ ಶೇ. 23ರಷ್ಟು.

ಹಾಗಾದರೆ ಬಾಯಿ ಕ್ಯಾನ್ಸರ್, ಗರ್ಭಕಂಠದ ಕ್ಯಾನ್ಸರಿಗೆ ಯಾವ ರಕ್ತ ಪರೀಕ್ಷೆ?

ಯಾವುದೂ ಇಲ್ಲ. ಅಡಿಕೆ, ತಂಬಾಕು, ಗುಟ್ಕಾ ಅಗಿಯುವವರು ಬೆಳಕಿನಲ್ಲಿ ಬಾಯಿ ತೆರೆದು ತೋರಿಸಬೇಕು. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರ ಕಳೆದರೂ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲು ಆಗದಿರುವುದು ಇಲ್ಲಿನ ಸೂಚನೆಗಳು. ಗರ್ಭಕಂಠಕ್ಕೆ ಎಚ್‌ಪಿವಿ ಪರೀಕ್ಷೆ, ಪ್ಯಾಪ್ ಸ್ಮಿಯರ್ ಅಥವಾ ಅಸಿಟಿಕ್ ಆಮ್ಲ ಹಚ್ಚಿ ನೋಡುವ ವಿಐಎ ಇದೆ; ಎಚ್‌ಪಿವಿ ಪರೀಕ್ಷೆಗೂ ಮಾದರಿ ತೆಗೆಯುವುದು ಗರ್ಭಕಂಠದಿಂದ, ರಕ್ತದಿಂದಲ್ಲ. ನಮ್ಮ ದೇಶದ ಸರ್ಕಾರಿ ತಪಾಸಣಾ ಕಾರ್ಯಕ್ರಮ 30 ವರ್ಷ ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠ ಈ ಮೂರನ್ನೇ ನೋಡುತ್ತದೆ. ಮೂರರಲ್ಲಿ ಒಂದಕ್ಕೂ ಟ್ಯೂಮರ್ ಮಾರ್ಕರ್ ಬಳಸುವುದಿಲ್ಲ. ಪ್ಯಾಕೇಜಿಗೆ ದುಡ್ಡು ಕೊಡುವ ಮೊದಲು ಈ ಮೂರು ಆಗಿವೆಯೇ ಎಂದು ನೋಡಿಕೊಳ್ಳಿ.

ಮಾಮೂಲಿ ಸಿಬಿಸಿಯಲ್ಲಿ (ರಕ್ತಕಣಗಳ ಎಣಿಕೆಯಲ್ಲಿ) ಏನಾದರೂ ಸುಳಿವು ಸಿಗುತ್ತದೆಯೇ?

ಸಿಗುತ್ತದೆ, ಮತ್ತು ಅನೇಕ ಸಲ ಅದನ್ನು ಕಡೆಗಣಿಸಲಾಗುತ್ತದೆ. 50 ದಾಟಿದ ಗಂಡಸರಲ್ಲಿ ಅಥವಾ ಮುಟ್ಟು ನಿಂತ ಹೆಂಗಸರಲ್ಲಿ ಹಿಮೋಗ್ಲೋಬಿನ್ ಕಡಿಮೆ, ಎಂಸಿವಿ (ಕೆಂಪು ರಕ್ತಕಣದ ಗಾತ್ರ) ಕಡಿಮೆ, ಬೇರೆಯಾಗಿ ಮಾಡಿಸಿದ ಫೆರಿಟಿನ್ (ದೇಹದ ಕಬ್ಬಿಣದ ಸಂಗ್ರಹ) ಕಡಿಮೆ ಎಂದು ಬಂದರೆ ಅದು ಕಬ್ಬಿಣಾಂಶದ ಕೊರತೆ. ಆ ವಯಸ್ಸಿನಲ್ಲಿ ಕಬ್ಬಿಣ ಹೋಗುತ್ತಿರುವುದು ಎಲ್ಲಿಂದ ಎಂದು ಹುಡುಕದೆ ಬರೀ ಕಬ್ಬಿಣದ ಮಾತ್ರೆ ನುಂಗುವುದು ಅಪಾಯ. ಹೊಟ್ಟೆಯಲ್ಲೋ ದೊಡ್ಡ ಕರುಳಿನಲ್ಲೋ ಗಡ್ಡೆಯೊಂದು ಕಣ್ಣಿಗೆ ಕಾಣದಷ್ಟು ರಕ್ತ ಸೋರಿಸುತ್ತಿರಬಹುದು. ಎಂಡೋಸ್ಕೋಪಿ ಮತ್ತು ಕೊಲೊನೋಸ್ಕೋಪಿ ಬಗ್ಗೆ ಕೇಳಿ. ಮಾತ್ರೆಯಿಂದ ಹಿಮೋಗ್ಲೋಬಿನ್ ಏರಿತು ಎಂದು ಆ ವಿಚಾರಣೆಯನ್ನು ಬಿಡಬೇಡಿ.

ವಯಸ್ಸಾದವರಲ್ಲಿ ಬಿಡದ ಬೆನ್ನುನೋವು, ರಕ್ತಹೀನತೆ, ತೀರಾ ಏರಿದ ಇಎಸ್‌ಆರ್ (ಉರಿಯೂತದ ಸೂಚಕ), ಕ್ರಿಯಾಟಿನಿನ್ (ಕಿಡ್ನಿ ಕೆಲಸದ ಅಳತೆ) ಅಥವಾ ಕ್ಯಾಲ್ಸಿಯಂ ಏರಿಕೆ ಜೊತೆಯಾಗಿ ಕಂಡರೆ ಮಲ್ಟಿಪಲ್ ಮೈಲೋಮಾ ಎಂಬ ರಕ್ತ ಕ್ಯಾನ್ಸರ್ ನೆನಪಾಗಬೇಕು. ಬಿಳಿರಕ್ತಕಣಗಳು ಲಕ್ಷ ದಾಟಿದ್ದರೆ, ಅಥವಾ ಪೆರಿಫೆರಲ್ ಸ್ಮಿಯರ್‌ನಲ್ಲಿ 'ಬ್ಲಾಸ್ಟ್' (ಬಲಿಯದ ರಕ್ತಕಣ) ಎಂಬ ಪದ ಇದ್ದರೆ ಅಂದೇ ರಕ್ತರೋಗ ತಜ್ಞರ ಬಳಿ ಹೋಗಿ. ಮುಂದಿನ ವಾರಕ್ಕೆ ಮುಂದೂಡಬೇಡಿ.

ಪಿಎಸ್‌ಎ 4 ದಾಟಿದೆ. ಪ್ರಾಸ್ಟೇಟ್ ಕ್ಯಾನ್ಸರೇ?

ಬಹಳಷ್ಟು ಸಲ ಅಲ್ಲ. ಪಿಎಸ್‌ಎ ಪ್ರತಿ ಮಿಲಿಲೀಟರಿಗೆ 4ರಿಂದ 10 ನ್ಯಾನೋಗ್ರಾಂ ಇದ್ದು ಬಯಾಪ್ಸಿ ಮಾಡಿಸಿದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಕ್ಯಾನ್ಸರ್ ಸಿಗುತ್ತದೆ. ವಯಸ್ಸಿನೊಂದಿಗೆ ಪ್ರಾಸ್ಟೇಟ್ ಊದಿಕೊಳ್ಳುವುದು, ಮೂತ್ರನಾಳದ ಸೋಂಕು, ಮೂತ್ರ ಕಟ್ಟಿಕೊಂಡು ಕ್ಯಾತಿಟರ್ ಹಾಕಿದ್ದು, ಇವೆಲ್ಲ ಮಟ್ಟವನ್ನು ಏರಿಸುತ್ತವೆ. ಆದ್ದರಿಂದ ಮೊದಲ ಹೆಜ್ಜೆ ಗಾಬರಿಯಲ್ಲ, ಸರಿಯಾದ ತಯಾರಿಯೊಂದಿಗೆ ಇನ್ನೊಮ್ಮೆ ಪರೀಕ್ಷೆ. ಅದಕ್ಕೆ ಮೊದಲು:

- ಎರಡು ದಿನ ವೀರ್ಯಸ್ಖಲನ ಆಗಿರಬಾರದು. ದೂರದ ಸೈಕಲ್ ಸವಾರಿಯನ್ನೂ ಬಿಡಿ.
- ಮೂತ್ರದ ಸೋಂಕು ಇದ್ದರೆ ಅದು ವಾಸಿಯಾಗಿ ಕೆಲವು ವಾರ ಕಳೆಯಲಿ.
- ಪ್ರಾಸ್ಟೇಟ್ ಬಯಾಪ್ಸಿ ಆಗಿದ್ದರೆ ಕನಿಷ್ಠ ಆರು ವಾರ ಬಿಡಿ.
- ಫಿನಾಸ್ಟರೈಡ್ ಅಥವಾ ಡ್ಯುಟಾಸ್ಟರೈಡ್ ಮಾತ್ರೆ ನುಂಗುತ್ತಿದ್ದರೆ ತಪ್ಪದೆ ಹೇಳಿ. ಆರು ತಿಂಗಳಿಂದ ಒಂದು ವರ್ಷದಲ್ಲಿ ಇವು ಪಿಎಸ್‌ಎಯನ್ನು ಸುಮಾರು ಅರ್ಧಕ್ಕಿಳಿಸುತ್ತವೆ. ರಿಪೋರ್ಟಿನಲ್ಲಿ 3 ಎಂದಿದ್ದರೆ ವೈದ್ಯರು 6 ಎಂದು ಓದಬೇಕಾಗುತ್ತದೆ. ಕೂದಲು ಉದುರುವುದಕ್ಕೆ ಕೊಡುವ ಫಿನಾಸ್ಟರೈಡಿಗೂ ಈ ಮಾತು ಅನ್ವಯಿಸುತ್ತದೆ, ಮತ್ತು ಅದನ್ನು ಔಷಧಿ ಎಂದೇ ಲೆಕ್ಕಕ್ಕೆ ಹಿಡಿಯದವರು ಬಹಳ.

ಎರಡನೆಯ ಸಲವೂ ಹೆಚ್ಚಿದ್ದರೆ 'ಫ್ರೀ ಪಿಎಸ್‌ಎ' ಶೇಕಡಾವಾರು ನೋಡುತ್ತಾರೆ. ಅದು ಶೇ. 10ಕ್ಕಿಂತ ಕಡಿಮೆ ಇದ್ದರೆ ಅನುಮಾನ ಹೆಚ್ಚು, ಶೇ. 25ಕ್ಕಿಂತ ಮೇಲಿದ್ದರೆ ಕಡಿಮೆ. ಮುಂದೆ ಎಂಆರ್‌ಐ, ಅಗತ್ಯ ಕಂಡರೆ ಬಯಾಪ್ಸಿ.

ಪ್ರಾಸ್ಟೇಟ್ ಚಿಕಿತ್ಸೆ ಮುಗಿದ ಮೇಲೆ ಪಿಎಸ್‌ಎ ಎಷ್ಟಿರಬೇಕು?

ಯಾವ ಚಿಕಿತ್ಸೆ ಆಗಿದೆ ಎಂಬುದರ ಮೇಲೆ ನಿಂತಿದೆ. ಗ್ರಂಥಿಯನ್ನು ಪೂರ್ತಿ ತೆಗೆದಿದ್ದರೆ ಆರರಿಂದ ಎಂಟು ವಾರದೊಳಗೆ ಯಂತ್ರ ಅಳೆಯಲಾರದಷ್ಟು ಕೆಳಗಿಳಿಯಬೇಕು. ನಂತರ 0.2 ಮುಟ್ಟಿ, ಮರುಪರೀಕ್ಷೆಯಲ್ಲೂ ಅದೇ ಖಚಿತವಾದರೆ ರೋಗ ಮರಳಿರಬಹುದೆಂದು ಪರಿಗಣಿಸುತ್ತಾರೆ. ರೇಡಿಯೇಷನ್ ಆಗಿದ್ದರೆ ಗ್ರಂಥಿ ಒಳಗೇ ಇರುವುದರಿಂದ ಸೊನ್ನೆಗೆ ಬರುವುದಿಲ್ಲ; ಇಳಿದ ಕನಿಷ್ಠ ಮಟ್ಟಕ್ಕಿಂತ 2 ಹೆಚ್ಚಾದರೆ ಮಾತ್ರ ಆ ಮಾತು. ಒಬ್ಬರ 0.2ನ್ನು ಇನ್ನೊಬ್ಬರ 1.1ರ ಜೊತೆ ಹೋಲಿಸಿ ಹೆದರುವುದರಲ್ಲಿ ಅರ್ಥವಿಲ್ಲ.

ಸಿಎ-125 ಮುನ್ನೂರು ಬಂದಿದೆ, ಹೊಟ್ಟೆಯಲ್ಲಿ ನೀರಿದೆ. ಅಂಡಾಶಯದ ಕ್ಯಾನ್ಸರ್ ಎಂದೇ ಅರ್ಥವೇ?

ಅಲ್ಲ, ಮತ್ತು ನಮ್ಮ ದೇಶದಲ್ಲಿ ಇದನ್ನು ಒತ್ತಿ ಹೇಳಬೇಕು. ಹೊಟ್ಟೆಯ ಒಳಪೊರೆಗೆ ತಗಲುವ ಕ್ಷಯ, ಅಂದರೆ ಟಿಬಿ, ಅಂಡಾಶಯದ ಕ್ಯಾನ್ಸರಿನ ವೇಷವನ್ನೇ ತೊಟ್ಟು ಬರುತ್ತದೆ. ಹೊಟ್ಟೆ ಉಬ್ಬರ, ನೀರು ತುಂಬಿಕೊಳ್ಳುವುದು, ತೂಕ ಇಳಿಕೆ, ಸ್ಕ್ಯಾನಿನಲ್ಲಿ ಗಡ್ಡೆಯಂತಹ ನೆರಳು, ನೂರಾರು ಸಿಎ-125, ಎಲ್ಲವೂ ಹಾಗೆಯೇ. ಹೊಟ್ಟೆಯ ನೀರಿನ ಪರೀಕ್ಷೆಯಲ್ಲಿ ಎಡಿಎ (ಟಿಬಿಯ ಸುಳಿವು ಕೊಡುವ ವಸ್ತು) ಮಟ್ಟ, ಕ್ಯಾನ್ಸರ್ ಕೋಶಗಳ ಹುಡುಕಾಟ, ಬೇಕಾದರೆ ಲ್ಯಾಪರೋಸ್ಕೋಪಿ ಮಾಡಿ ಒಳಪೊರೆಯ ಬಯಾಪ್ಸಿ ಆಗಬೇಕು. ಟಿಬಿ ಎಂದಾದರೆ ಮಾತ್ರೆಗಳಲ್ಲೇ ವಾಸಿಯಾಗುತ್ತದೆ. ಬಯಾಪ್ಸಿಯಿಲ್ಲದೆ ದೊಡ್ಡ ಆಪರೇಷನ್ನಿಗೋ ಕೀಮೋಗೋ ಒಪ್ಪಿಗೆ ಕೊಡುವ ಮೊದಲು ಈ ಪ್ರಶ್ನೆಯನ್ನು ಕೇಳಲೇಬೇಕು.

ಸಾಮಾನ್ಯ ಮಿತಿ ಪ್ರತಿ ಮಿಲಿಲೀಟರಿಗೆ 35 ಯೂನಿಟ್. ಮುಟ್ಟಿನ ದಿನಗಳು, ಗರ್ಭಾವಸ್ಥೆ, ಎಂಡೊಮೆಟ್ರಿಯೋಸಿಸ್, ಗರ್ಭಕೋಶದ ಫೈಬ್ರಾಯ್ಡ್, ಕಿಬ್ಬೊಟ್ಟೆಯ ಸೋಂಕು, ಲಿವರ್ ಸಿರೋಸಿಸ್ ಇವೆಲ್ಲವೂ ಅದನ್ನು ದಾಟಿಸುತ್ತವೆ. ಮುಟ್ಟು ಇನ್ನೂ ಇರುವವರು ಮುಟ್ಟು ಮುಗಿದ ಮೇಲೆ ರಕ್ತ ಕೊಡುವುದು ಒಳ್ಳೆಯದು. ಇನ್ನೊಂದು ಕಡೆ, ಮೊದಲ ಹಂತದ ಅಂಡಾಶಯ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಸಿಎ-125 ಏರಿಯೇ ಇರುವುದಿಲ್ಲ. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಯುಕೆಸಿಟಿಒಸಿಎಸ್ ಅಧ್ಯಯನದ ಅಂತಿಮ ಫಲಿತಾಂಶ 2021ರಲ್ಲಿ ಬಂತು: ವರ್ಷ ವರ್ಷ ಪರೀಕ್ಷೆ ಮಾಡಿದರೂ ಅಂಡಾಶಯ ಕ್ಯಾನ್ಸರಿನ ಸಾವು ಕಡಿಮೆಯಾಗಲಿಲ್ಲ.

ಅಂಡಾಶಯ ಕ್ಯಾನ್ಸರಿನ ಚಿಕಿತ್ಸೆ ಮುಗಿದಿದೆ. ಪ್ರತಿ ಮೂರು ತಿಂಗಳಿಗೆ ಸಿಎ-125 ಮಾಡಿಸಲೇಬೇಕೇ?

ಕೀಮೋ ನಡೆಯುವಾಗ ಅದು ಉಪಯುಕ್ತ. ಏರಿದ್ದ ಮಟ್ಟ ಅರ್ಧಕ್ಕಿಳಿದು, 28 ದಿನ ಕಳೆದರೂ ಹಾಗೆಯೇ ನಿಂತರೆ ಔಷಧಿ ಕೆಲಸ ಮಾಡುತ್ತಿದೆ ಎಂದು ಲೆಕ್ಕ. ಹೊಟ್ಟೆಯ ಆಪರೇಷನ್ ಆದ ಮೇಲೆ ಅಥವಾ ಹೊಟ್ಟೆಯ ನೀರು ತೆಗೆಸಿದ ಮೇಲೆ ನಾಲ್ಕು ವಾರ ಆ ಸಂಖ್ಯೆಯನ್ನು ನಂಬುವಂತಿಲ್ಲ.

ಚಿಕಿತ್ಸೆ ಮುಗಿದ ನಂತರದ ವಿಷಯ ಬೇರೆ. 2010ರಲ್ಲಿ ಪ್ರಕಟವಾದ ಒಂದು ದೊಡ್ಡ ಯುರೋಪಿಯನ್ ಅಧ್ಯಯನದಲ್ಲಿ, ತೊಂದರೆ ಏನೂ ಕಾಣದಿದ್ದರೂ ಸಿಎ-125 ಏರಿತೆಂದು ಕೂಡಲೇ ಕೀಮೋ ಶುರುಮಾಡಿದವರು, ಲಕ್ಷಣಗಳು ಕಾಣುವವರೆಗೆ ಕಾದವರಿಗಿಂತ ಹೆಚ್ಚು ಕಾಲ ಬದುಕಲಿಲ್ಲ. ಕೀಮೋದ ತ್ರಾಸನ್ನು ಮಾತ್ರ ಬೇಗ ಅನುಭವಿಸಿದರು. ನಂತರ ಹೊಸ ಔಷಧಿಗಳು ಬಂದಿವೆ, ಮರು ಆಪರೇಷನ್ ಮಾಡಬಹುದಾದವರೂ ಇದ್ದಾರೆ. ಆದ್ದರಿಂದ ಎಲ್ಲರಿಗೂ ಒಂದೇ ಉತ್ತರವಿಲ್ಲ. ಆದರೆ ಈ ಪರೀಕ್ಷೆ ಬೇಕೋ ಬೇಡವೋ ಎಂಬುದು ರೋಗಿಯೂ ಕೂತು ತೀರ್ಮಾನಿಸಬಹುದಾದ ವಿಷಯ. ಅದನ್ನು ಕೇಳಲು ಸಂಕೋಚ ಬೇಡ.

ಸಿಇಎ ಮತ್ತು ಸಿಎ 19-9 ಯಾವುದಕ್ಕೆ?

ಸಿಇಎಯನ್ನು 1965ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯಲ್ ಫ್ರೀಡ್‌ಮನ್ ಗುರುತಿಸಿದರು. ಇಂದಿಗೂ ಅದರ ಮುಖ್ಯ ಬಳಕೆ ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರಿನಲ್ಲಿ. ಆಪರೇಷನ್ನಿಗೆ ಮೊದಲು ಒಂದು ಸಲ ತಪ್ಪದೆ ಮಾಡಿಸಬೇಕು, ಏಕೆಂದರೆ ಮೊದಲಿನ ಮಟ್ಟ ಗೊತ್ತಿಲ್ಲದೆ ಇಳಿಯಿತೋ ಇಲ್ಲವೋ ಹೇಳಲಾಗದು. ಗಡ್ಡೆ ಪೂರ್ತಿ ಹೋಗಿದ್ದರೆ ನಾಲ್ಕರಿಂದ ಆರು ವಾರದಲ್ಲಿ ಸಹಜ ಮಟ್ಟಕ್ಕೆ ಬರುತ್ತದೆ. ನಂತರ ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ಐದು ವರ್ಷ ತುಂಬುವವರೆಗೆ ಆರು ತಿಂಗಳಿಗೊಮ್ಮೆ ನೋಡುವುದು ರೂಢಿ. ಇಲ್ಲಿ ಬೇಗ ತಿಳಿದರೆ ಲಾಭವಿದೆ: ಲಿವರಿಗೆ ಒಂದೆರಡು ಕಡೆ ಮಾತ್ರ ಹರಡಿದ್ದರೆ ಅದನ್ನೂ ಆಪರೇಷನ್ ಮಾಡಿ ತೆಗೆಯಬಹುದು. ಬೀಡಿ, ಸಿಗರೇಟು ಸೇದುವವರಲ್ಲಿ ಸಿಇಎ 5ರವರೆಗೆ ಇರುವುದು ಸಾಮಾನ್ಯ. ಸೇದದವರಿಗೆ ಮಿತಿ ಸುಮಾರು 3. ಕೀಮೋ ಶುರುವಾದ ಮೊದಲ ವಾರಗಳಲ್ಲಿ ಕೋಶಗಳು ಸಾಯುವಾಗ ಮಟ್ಟ ಸ್ವಲ್ಪ ಏರಿ ಆಮೇಲೆ ಇಳಿಯುವುದುಂಟು. ಆ ಏರಿಕೆಯೊಂದನ್ನೇ ನೋಡಿ ಔಷಧಿ ಬದಲಿಸಬಾರದು.

ಸಿಎ 19-9 ಮೇದೋಜೀರಕ ಗ್ರಂಥಿ ಮತ್ತು ಪಿತ್ತನಾಳದ ಕ್ಯಾನ್ಸರಿನದ್ದು. ಮಿತಿ 37 ಯೂನಿಟ್. ಇದರಲ್ಲಿ ಎರಡು ಎಡವಟ್ಟುಗಳಿವೆ. ಪಿತ್ತನಾಳ ಕಟ್ಟಿಕೊಂಡು ಕಾಮಾಲೆ ಬಂದಿದ್ದರೆ, ಕಾರಣ ಬರೀ ಕಲ್ಲೇ ಆಗಿದ್ದರೂ ಇದು ನೂರಾರಕ್ಕೆ ಏರುತ್ತದೆ. ಸ್ಟೆಂಟ್ ಹಾಕಿ ಬಿಲಿರುಬಿನ್ ಇಳಿದ ಮೇಲೆ ಮಾಡಿಸಿದ ಸಂಖ್ಯೆಗಷ್ಟೇ ಬೆಲೆ. ಇನ್ನೊಂದು, ನೂರರಲ್ಲಿ ಐದರಿಂದ ಹತ್ತು ಜನರ ದೇಹ ಹುಟ್ಟಿನಿಂದಲೇ ಈ ವಸ್ತುವನ್ನು ತಯಾರಿಸುವುದಿಲ್ಲ. ಲೂಯಿಸ್ ಎಂಬ ರಕ್ತಗುಂಪು ಇಲ್ಲದವರು ಇವರು. ಅವರಲ್ಲಿ ರೋಗ ಎಷ್ಟೇ ಇದ್ದರೂ ಸಿಎ 19-9 ಏರುವುದಿಲ್ಲ.

ಎಎಫ್‌ಪಿ ಮತ್ತು ಎಚ್‌ಸಿಜಿ?

ಹೆಪಟೈಟಿಸ್ ಬಿ ಅಥವಾ ಸಿರೋಸಿಸ್ ಇದ್ದು ಲಿವರ್ ಕ್ಯಾನ್ಸರಿನ ಅಪಾಯ ಇರುವವರಿಗೆ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಜೊತೆ ಎಎಫ್‌ಪಿ ನೋಡುತ್ತಾರೆ. ಅಲ್ಟ್ರಾಸೌಂಡ್ ಬಿಟ್ಟು ರಕ್ತ ಪರೀಕ್ಷೆ ಒಂದನ್ನೇ ಮಾಡಿಸಿದರೆ ಸಾಲದು.

ವೃಷಣದ ಕ್ಯಾನ್ಸರಿನಲ್ಲಿ ಮಾತ್ರ ಮಾರ್ಕರುಗಳಿಗೆ ವಿಶೇಷ ಸ್ಥಾನವಿದೆ. ಎಎಫ್‌ಪಿ, ಎಚ್‌ಸಿಜಿ, ಎಲ್‌ಡಿಎಚ್ ಮೂರೂ ರೋಗದ ಹಂತ ನಿರ್ಧರಿಸುವ ಸೂತ್ರದಲ್ಲೇ ಸೇರಿವೆ. ವೃಷಣ ತೆಗೆಯುವ ಮೊದಲು ಒಮ್ಮೆ, ತೆಗೆದ ಮೇಲೆ ಹಲವು ಸಲ ಪರೀಕ್ಷೆ ಆಗಬೇಕು. ಎಎಫ್‌ಪಿ ಐದರಿಂದ ಏಳು ದಿನಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ, ಎಚ್‌ಸಿಜಿ ಒಂದರಿಂದ ಮೂರು ದಿನಕ್ಕೊಮ್ಮೆ. ಆಪರೇಷನ್ ದಿನ ಎಎಫ್‌ಪಿ 800 ಇದ್ದವರಿಗೆ ಸುಮಾರು ಮೂರು ವಾರದಲ್ಲಿ 100ರ ಆಸುಪಾಸಿಗೆ ಬರಬೇಕು. 400ರಲ್ಲೇ ನಿಂತಿದ್ದರೆ ಬೇರೆಲ್ಲೋ ರೋಗ ಉಳಿದಿದೆ. ಸ್ಕ್ಯಾನ್ ಸ್ವಚ್ಛವಾಗಿದ್ದರೂ ಇಲ್ಲಿ ಮಾರ್ಕರಿನ ಮಾತನ್ನು ಕೇಳಬೇಕು. ಹರಡಿದ್ದರೂ ಬಹುಪಾಲು ಗುಣವಾಗುವ ಕ್ಯಾನ್ಸರ್ ಇದು; ಆದ್ದರಿಂದ ಆಪರೇಷನ್ನಿಗೆ ಮೊದಲಿನ ರಕ್ತ ಪರೀಕ್ಷೆ ತಪ್ಪಿಹೋಗಬಾರದು.

ಎಎಫ್‌ಪಿ ಅಳತೆಯ ಮಾನವನ್ನೂ ನೋಡಿಕೊಳ್ಳಿ. ಕೆಲವು ಲ್ಯಾಬ್‌ಗಳು ಅಂತರರಾಷ್ಟ್ರೀಯ ಯೂನಿಟ್‌ನಲ್ಲಿ, ಕೆಲವು ನ್ಯಾನೋಗ್ರಾಂನಲ್ಲಿ ಬರೆಯುತ್ತವೆ. ಒಂದು ಯೂನಿಟ್ ಸುಮಾರು 1.2 ನ್ಯಾನೋಗ್ರಾಂಗೆ ಸಮ.

ಸ್ತನ ಕ್ಯಾನ್ಸರಿಗೆ ಸಿಎ 15-3 ಮಾಡಿಸಬೇಕೇ?

ಪತ್ತೆಗೆ ಬೇಡ. ಆರಂಭದ ಹಂತದಲ್ಲಿ ಚಿಕಿತ್ಸೆ ಮುಗಿಸಿ ಚೆನ್ನಾಗಿರುವವರಿಗೂ ವಾಡಿಕೆಯಾಗಿ ಬೇಕಿಲ್ಲ. ವೈದ್ಯರ ಪರೀಕ್ಷೆ ಮತ್ತು ವರ್ಷಕ್ಕೊಂದು ಮ್ಯಾಮೋಗ್ರಾಂ ಸಾಕು. ರೋಗ ಬೇರೆ ಅಂಗಗಳಿಗೆ ಹರಡಿದವರಲ್ಲಿ ಸ್ಕ್ಯಾನಿನ ಜೊತೆ ಪೂರಕವಾಗಿ ಬಳಸುತ್ತಾರೆ.

ರಕ್ತ ಕ್ಯಾನ್ಸರುಗಳ ನಿಗಾ ಹೇಗೆ?

ಸಿಎಂಎಲ್ ಎಂಬ ರಕ್ತ ಕ್ಯಾನ್ಸರ್, ರಕ್ತ ಪರೀಕ್ಷೆಯಿಂದಲೇ ನಿಭಾಯಿಸುವ ರೋಗಕ್ಕೆ ಅತ್ಯುತ್ತಮ ನಿದರ್ಶನ. ಇಮ್ಯಾಟಿನಿಬ್ ಮಾತ್ರೆ ಶುರುಮಾಡಿದ ಮೇಲೆ ಮೂರು ತಿಂಗಳಿಗೊಮ್ಮೆ ಬಿಸಿಆರ್-ಎಬಿಎಲ್ ಪಿಸಿಆರ್ (ಈ ರೋಗಕ್ಕೆ ಕಾರಣವಾದ ಜೀನ್ ರಕ್ತದಲ್ಲಿ ಎಷ್ಟಿದೆ ಎಂದು ಅಳೆಯುವ ಪರೀಕ್ಷೆ) ಮಾಡಿಸುತ್ತಾರೆ. ಮೂರು ತಿಂಗಳಿಗೆ ಶೇ. 10ಕ್ಕಿಂತ, ಆರು ತಿಂಗಳಿಗೆ ಶೇ. 1ಕ್ಕಿಂತ, ವರ್ಷ ತುಂಬುವಾಗ ಶೇ. 0.1ಕ್ಕಿಂತ ಕೆಳಗಿರಬೇಕು. ರಿಪೋರ್ಟಿನಲ್ಲಿ 'ಇಂಟರ್‌ನ್ಯಾಷನಲ್ ಸ್ಕೇಲ್' ಎಂದು ಬರೆದಿದೆಯೇ ನೋಡಿ. ಇಲ್ಲವಾದರೆ ಈ ಮೈಲಿಗಲ್ಲುಗಳಿಗೆ ಹೋಲಿಸಲಾಗದು. 'ಇದೆ' ಅಥವಾ 'ಇಲ್ಲ' ಎಂದಷ್ಟೇ ಹೇಳುವ ಪರೀಕ್ಷೆ ನಿಗಾಕ್ಕೆ ಉಪಯೋಗವಿಲ್ಲ, ಪ್ರಮಾಣ ಹೇಳುವುದೇ ಬೇಕು. ರಕ್ತ ಕೊಡುವುದು ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ. ಆರ್‌ಎನ್‌ಎ ಬೇಗ ಹಾಳಾಗುವುದರಿಂದ ಒಂದೆರಡು ದಿನದೊಳಗೆ ಲ್ಯಾಬ್ ತಲುಪಬೇಕು. ಶನಿವಾರ ಸಂಜೆ ಕೊಟ್ಟು ಕೊರಿಯರ್‌ನಲ್ಲಿ ಸೋಮವಾರದವರೆಗೆ ಕೊಳೆಯುವುದು ಬೇಡ, ವಾರದ ಮೊದಲ ದಿನಗಳಲ್ಲಿ ಕೊಡಿ. ಮಟ್ಟ ಏರಲು ಬಹು ಸಾಮಾನ್ಯ ಕಾರಣ ಮಾತ್ರೆ ತಪ್ಪಿಸುವುದು. ತಪ್ಪಿಸಿದ್ದರೆ ವೈದ್ಯರ ಹತ್ತಿರ ಮುಚ್ಚಿಡಬೇಡಿ. ಮುಚ್ಚಿಟ್ಟರೆ ಔಷಧಿಯೇ ಸೋತಿದೆ ಎಂದುಕೊಂಡು ದುಬಾರಿ ಔಷಧಿಗೆ ಬದಲಿಸಬೇಕಾಗುತ್ತದೆ.

ಮೈಲೋಮಾದಲ್ಲಿ ಸೀರಂ ಪ್ರೋಟೀನ್ ಎಲೆಕ್ಟ್ರೋಫೊರೆಸಿಸ್‌ನ ಎಂ-ಬ್ಯಾಂಡ್ (ಮೈಲೋಮಾ ಕೋಶಗಳು ತಯಾರಿಸುವ ಪ್ರೋಟೀನ್) ಎಷ್ಟು ಗ್ರಾಂ ಎಂಬುದನ್ನು ಹಿಂಬಾಲಿಸುತ್ತಾರೆ. ಆರರಲ್ಲಿ ಒಬ್ಬರಂತೆ ಕೆಲವರಲ್ಲಿ ಲೈಟ್ ಚೈನ್ (ಆ ಪ್ರೋಟೀನಿನ ಸಣ್ಣ ತುಂಡು) ಮಾತ್ರ ತಯಾರಾಗುವುದರಿಂದ ಎಂ-ಬ್ಯಾಂಡ್ ಕಾಣದೆಯೂ ಇರಬಹುದು. ಅದಕ್ಕೆ ಫ್ರೀ ಲೈಟ್ ಚೈನ್ ಪರೀಕ್ಷೆಯನ್ನೂ ಜೊತೆಗೆ ಮಾಡಿಸುವುದು.

ರಕ್ತ ಕೊಡುವ ಮೊದಲು ಖಾಲಿ ಹೊಟ್ಟೆಯಲ್ಲಿರಬೇಕೇ? ಏನೇನು ನೋಡಿಕೊಳ್ಳಬೇಕು?

ಹೆಚ್ಚಿನ ಟ್ಯೂಮರ್ ಮಾರ್ಕರುಗಳಿಗೆ ಉಪವಾಸ ಬೇಕಿಲ್ಲ. ಸಕ್ಕರೆ, ಕೊಬ್ಬಿನ ಪರೀಕ್ಷೆಯೂ ಜೊತೆಗಿದ್ದರೆ ಮಾತ್ರ ಬೇಕಾಗಬಹುದು. ಮೂರರಿಂದ ಐದು ಮಿಲಿಲೀಟರ್ ರಕ್ತ ಸಾಕು.

ಹೆಚ್ಚು ತೊಂದರೆ ಕೊಡುವುದು ಬಯೋಟಿನ್. ಕೂದಲು, ಉಗುರು ಗಟ್ಟಿಯಾಗಲೆಂದು ನುಂಗುವ ಮಾತ್ರೆಗಳಲ್ಲಿ 5ರಿಂದ 10 ಮಿಲಿಗ್ರಾಂ ಇರುತ್ತದೆ. ದೇಹಕ್ಕೆ ದಿನಕ್ಕೆ ಬೇಕಾದದ್ದು 30 ಮೈಕ್ರೋಗ್ರಾಂ. ಅನೇಕ ಯಂತ್ರಗಳು ಬಯೋಟಿನ್ ಮತ್ತು ಸ್ಟ್ರೆಪ್ಟಾವಿಡಿನ್ ಜೋಡಿಯ ಮೇಲೆ ಕೆಲಸ ಮಾಡುವುದರಿಂದ, ರಕ್ತದಲ್ಲಿ ಬಯೋಟಿನ್ ತುಂಬಿದ್ದರೆ ಪಿಎಸ್‌ಎ, ಥೈರೋಗ್ಲೋಬುಲಿನ್ (ಥೈರಾಯ್ಡ್ ಕ್ಯಾನ್ಸರಿನ ಮಾರ್ಕರ್) ನಂತಹ ಪರೀಕ್ಷೆಗಳಲ್ಲಿ ನಿಜಕ್ಕಿಂತ ಕಡಿಮೆ ಮಟ್ಟ ತೋರಿಸಬಹುದು. ಕ್ಯಾನ್ಸರ್ ಮರಳಿದ್ದರೂ 'ನಾರ್ಮಲ್' ಎಂದು ಬರುವ ಅಪಾಯ ಇದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿತ್ತು. ಕನಿಷ್ಠ ಎರಡು ಮೂರು ದಿನ ಮೊದಲೇ ನಿಲ್ಲಿಸಿ, ಲ್ಯಾಬಿನವರಿಗೂ ತಿಳಿಸಿ.

ಥೈರಾಯ್ಡ್ ಕ್ಯಾನ್ಸರಿಗೆ ಗ್ರಂಥಿ ತೆಗೆಸಿಕೊಂಡವರು ಥೈರೋಗ್ಲೋಬುಲಿನ್ ಜೊತೆ ಪ್ರತಿ ಸಲವೂ ಆಂಟಿ-ಥೈರೋಗ್ಲೋಬುಲಿನ್ ಪರೀಕ್ಷೆಯನ್ನೂ ಮಾಡಿಸಬೇಕು. ಆ ಪ್ರತಿಕಾಯ ಇದ್ದರೆ ಮೊದಲಿನ ಸಂಖ್ಯೆ ಸುಳ್ಳಾಗಿ ಕಡಿಮೆ ಬರುತ್ತದೆ.

ಕಳೆದ ಸಲ 18, ಈ ಸಲ ಬೇರೆ ಲ್ಯಾಬಿನಲ್ಲಿ 26. ರೋಗ ಹೆಚ್ಚಿತೇ?

ಹೇಳಲಾಗದು. ಬೇರೆ ಬೇರೆ ಕಂಪನಿಗಳ ಯಂತ್ರಗಳು ಬೇರೆ ಬೇರೆ ಪ್ರತಿಕಾಯಗಳನ್ನು ಬಳಸುತ್ತವೆ. ಒಂದೇ ರಕ್ತಕ್ಕೆ ಎರಡು ಉತ್ತರ ಬರುವುದು ಸಹಜ. ಅಡಿಕೆಯನ್ನು ಮನೆಯ ತಕ್ಕಡಿಯಲ್ಲೊಮ್ಮೆ, ಮಂಡಿಯ ತಕ್ಕಡಿಯಲ್ಲೊಮ್ಮೆ ತೂಗಿದ ಹಾಗೆ ಇದು. ಎನ್‌ಎಬಿಎಲ್ (ಲ್ಯಾಬುಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಒಂದು ಲ್ಯಾಬ್ ಆರಿಸಿಕೊಂಡು ಅಲ್ಲಿಯೇ ಮುಂದುವರಿಯಿರಿ. ಊರು ಬದಲಿಸುವುದು ಅನಿವಾರ್ಯವಾದರೆ, ಹೊಸ ಕಡೆಯ ಮೊದಲ ಸಂಖ್ಯೆಯನ್ನು ಹೊಸ ಆರಂಭವೆಂದು ತಿಳಿದು ಕೆಲವು ವಾರದಲ್ಲಿ ಅಲ್ಲಿಯೇ ಇನ್ನೊಮ್ಮೆ ಮಾಡಿಸಿ.

ಒಂದೇ ಲ್ಯಾಬಿನಲ್ಲೂ ಸಣ್ಣ ಏರಿಳಿತ ಇದ್ದೇ ಇರುತ್ತದೆ. ನೋಡಬೇಕಾದದ್ದು ಸಾಲಾಗಿ ಮೂರು ಪರೀಕ್ಷೆಗಳ ದಿಕ್ಕು. 2, 4, 8 ಎಂದು ಏರುತ್ತಿದ್ದರೆ ಮಿತಿಯೊಳಗಿದ್ದರೂ ಕೇಳಬೇಕು; ವರ್ಷಗಟ್ಟಲೆ 41, 38, 42 ಎಂದೇ ಇದ್ದರೆ ಮಿತಿ ದಾಟಿದ್ದರೂ ಗಾಬರಿಗೆ ಕಾರಣ ಕಡಿಮೆ.

ಲಿಕ್ವಿಡ್ ಬಯಾಪ್ಸಿ ಮಾಡಿಸಿ ಎಂದಿದ್ದಾರೆ. ಅದು ಏನು?

ಸಾಯುವ ಕ್ಯಾನ್ಸರ್ ಕೋಶಗಳಿಂದ ರಕ್ತಕ್ಕೆ ಬಿದ್ದ ಡಿಎನ್‌ಎ ಚೂರುಗಳನ್ನು ಓದುವ ಪರೀಕ್ಷೆ. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಇಜಿಎಫ್‌ಆರ್ ಜೀನಿನ ಬದಲಾವಣೆ ಇದ್ದರೆ ಕೀಮೋ ಬದಲು ಮಾತ್ರೆ ಕೊಡಬಹುದು. ಅದನ್ನು ರಕ್ತದಲ್ಲಿ ನೋಡುವ ಮೊದಲ ಪರೀಕ್ಷೆಗೆ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು 2016ರಲ್ಲಿ. ಗಡ್ಡೆ ಸೂಜಿಗೆ ಸಿಗದ ಜಾಗದಲ್ಲಿದ್ದಾಗ, ಬಯಾಪ್ಸಿಯ ಚೂರು ಸಾಲದಾದಾಗ, ಮಾತ್ರೆ ಕೆಲಸ ನಿಲ್ಲಿಸಿದಾಗ ಇದು ಬಹಳ ನೆರವು.

ಎಡವುವುದು ಸಾಮಾನ್ಯವಾಗಿ ರಕ್ತ ಸಂಗ್ರಹದಲ್ಲಿ. ಈ ಡಿಎನ್‌ಎಯನ್ನು ಕಾಪಾಡುವ ವಿಶೇಷ ಟ್ಯೂಬ್ ಬೇಕು. ಹತ್ತು ಮಿಲಿಲೀಟರಿನ ಎರಡು ಟ್ಯೂಬ್ ಪೂರ್ತಿ ತುಂಬಿ, ಕೂಡಲೇ ಎಂಟು ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು. ಫ್ರಿಜ್ಜಿಗೆ ಹಾಕಬಾರದು. ಮಾಮೂಲಿ ಇಡಿಟಿಎ ಟ್ಯೂಬ್ ಆದರೆ ಕೆಲವೇ ಗಂಟೆಗಳಲ್ಲಿ ಪ್ಲಾಸ್ಮಾ ಬೇರ್ಪಡಿಸಬೇಕು. ತಡವಾದರೆ ಬಿಳಿರಕ್ತಕಣಗಳು ಒಡೆದು ಅವುಗಳ ಡಿಎನ್‌ಎಯೇ ತುಂಬಿಕೊಂಡು ಕ್ಯಾನ್ಸರಿನದ್ದು ಮುಳುಗಿಹೋಗುತ್ತದೆ. ಬದಲಾವಣೆ ಸಿಕ್ಕರೆ ನಂಬಬಹುದು. ಸಿಗದಿದ್ದರೆ 'ಇಲ್ಲ' ಎಂದಲ್ಲ. ಹತ್ತರಲ್ಲಿ ಮೂರ್ನಾಲ್ಕು ಸಲ ರಕ್ತದಲ್ಲಿ ತಪ್ಪಿಹೋಗುತ್ತದೆ, ಆಗ ಗಡ್ಡೆಯ ಬಯಾಪ್ಸಿಯೇ ಗತಿ.

ಆಪರೇಷನ್ ನಂತರ ಕೀಮೋ ಬೇಕೇ ಎಂದು ತೀರ್ಮಾನಿಸಲೂ ಇದನ್ನು ಬಳಸುವ ದಾರಿ ತೆರೆಯುತ್ತಿದೆ. ಆಸ್ಟ್ರೇಲಿಯಾದಲ್ಲಿ ಎರಡನೇ ಹಂತದ ಕರುಳು ಕ್ಯಾನ್ಸರಿನ 455 ರೋಗಿಗಳ ಮೇಲೆ ನಡೆದ, 2022ರಲ್ಲಿ ಪ್ರಕಟವಾದ ಡೈನಾಮಿಕ್ ಅಧ್ಯಯನದಲ್ಲಿ ಈ ಪರೀಕ್ಷೆಯ ಆಧಾರದಲ್ಲಿ ನಡೆದಾಗ ಕೀಮೋ ಪಡೆದವರ ಪಾಲು ಶೇ. 28ರಿಂದ 15ಕ್ಕಿಳಿಯಿತು, ರೋಗ ಮರಳುವುದು ಹೆಚ್ಚಲಿಲ್ಲ.

ಒಂದೇ ರಕ್ತದಲ್ಲಿ 50 ಬಗೆಯ ಕ್ಯಾನ್ಸರ್ ಹಿಡಿಯುವ ಪರೀಕ್ಷೆ ಬಂದಿದೆಯಂತೆ?

ಡಿಎನ್‌ಎ ಮೇಲಿನ ಮಿಥೈಲ್ ಗುರುತುಗಳನ್ನು ಓದುವ ಇಂತಹ ಪರೀಕ್ಷೆಗಳು ಹೊರದೇಶಗಳಲ್ಲಿ ಸಿಗುತ್ತಿವೆ. ಗ್ಯಾಲೆರಿ ಎಂಬುದರ ಪಾತ್‌ಫೈಂಡರ್ ಅಧ್ಯಯನದಲ್ಲಿ 6,621 ಮಂದಿಯಲ್ಲಿ 92 ಮಂದಿಗೆ 'ಸೂಚನೆ ಇದೆ' ಎಂದು ಬಂತು. ಕ್ಯಾನ್ಸರ್ ಖಚಿತವಾದದ್ದು 35 ಮಂದಿಗೆ. ಹಳೆಯ ಮಾರ್ಕರುಗಳಿಗಿಂತ ಇದು ಎಷ್ಟೋ ಮೇಲು. ಆದರೂ ಮೊದಲ ಹಂತದ ಗಡ್ಡೆಗಳಲ್ಲಿ ಹೆಚ್ಚಿನವು ಇದರ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಸಣ್ಣ ಗಡ್ಡೆ ರಕ್ತಕ್ಕೆ ಬಿಡುವ ಡಿಎನ್‌ಎ ತೀರಾ ಕಡಿಮೆ. ಮ್ಯಾಮೋಗ್ರಾಂ, ಎಚ್‌ಪಿವಿ ಪರೀಕ್ಷೆ, ಬಾಯಿ ತಪಾಸಣೆಗೆ ಬದಲಾಗಿ ಇದನ್ನು ಮಾಡಿಸಬಾರದು.

ಬಿಆರ್‌ಸಿಎ ಪರೀಕ್ಷೆಯೂ ಕ್ಯಾನ್ಸರ್ ಪತ್ತೆಗೇ?

ಅಲ್ಲ. ಅದು ಹುಟ್ಟಿನಿಂದ ಬಂದ ಬಿಆರ್‌ಸಿಎ ಜೀನ್ ನೋಡಿ ಸ್ತನ, ಅಂಡಾಶಯ ಮುಂತಾದ ಕ್ಯಾನ್ಸರಿನ ಮುಂದಿನ ಅಪಾಯ ಎಷ್ಟೆಂದು ಹೇಳುತ್ತದೆ. ಮನೆತನದಲ್ಲಿ ಮೊದಲು ಮಾಡಿಸಬೇಕಾದವರು ಸಾಧ್ಯವಾದಷ್ಟೂ ಕ್ಯಾನ್ಸರ್ ಬಂದಿರುವವರೇ. ಅವರಲ್ಲಿ ದೋಷ ಸಿಕ್ಕರೆ ಅಕ್ಕ-ತಂಗಿ, ಅಣ್ಣ-ತಮ್ಮ, ಮಕ್ಕಳಿಗೆ ಅದೊಂದನ್ನೇ ಹುಡುಕಬಹುದು. ಅಸ್ಥಿಮಜ್ಜೆ ಕಸಿ ಆಗಿದ್ದವರ ರಕ್ತ ದಾನಿಯ ಜೀನ್ ತೋರಿಸುವುದರಿಂದ ಅವರಿಗೆ ಚರ್ಮದ ಮಾದರಿ ಬೇಕು.

ಕೀಮೋ ನಡೆಯುವಾಗ ಪ್ರತಿ ಸಲ ರಕ್ತ ತೆಗೆಯುವುದು ಏಕೆ?

ರೋಗ ನೋಡುವುದಕ್ಕಲ್ಲ, ದೇಹ ಮುಂದಿನ ಡೋಸ್ ತಡೆದೀತೇ ಎಂದು ನೋಡಲು. ನ್ಯೂಟ್ರೋಫಿಲ್ (ಸೋಂಕಿನ ವಿರುದ್ಧ ಹೋರಾಡುವ ಬಿಳಿರಕ್ತಕಣ) ಸುಮಾರು 1,500, ಪ್ಲೇಟ್‌ಲೆಟ್ 1 ಲಕ್ಷ ಇದ್ದರೆ ಸಾಮಾನ್ಯವಾಗಿ ಮುಂದುವರಿಸುತ್ತಾರೆ. ಸಿಸ್‌ಪ್ಲಾಟಿನ್ ಇದ್ದರೆ ಕ್ರಿಯಾಟಿನಿನ್, ಡೋಸಿಟ್ಯಾಕ್ಸೆಲ್ ಇದ್ದರೆ ಬಿಲಿರುಬಿನ್ ಮುಖ್ಯ.

ಕಣಗಳು ತೀರಾ ಇಳಿಯುವುದು ಹೆಚ್ಚಾಗಿ 7ರಿಂದ 14ನೇ ದಿನದ ನಡುವೆ, ಅಂದರೆ ರೋಗಿ ಮನೆಯಲ್ಲಿರುವಾಗ. ಆ ದಿನಗಳಲ್ಲಿ ಮೈ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿಯಾದರೂ ಸರಿ, ಕೂಡಲೇ ಆಸ್ಪತ್ರೆಗೆ ಹೊರಡಿ. ನ್ಯೂಟ್ರೋಫಿಲ್ 500ಕ್ಕಿಂತ ಕಡಿಮೆ ಇದ್ದರೆ ಆಂಟಿಬಯೋಟಿಕ್ ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಹೋಗಬೇಕು. ಪ್ಯಾರಾಸಿಟಮಾಲ್ ನುಂಗಿ ಬೆಳಿಗ್ಗೆವರೆಗೆ ಕಾದು ಪ್ರಾಣಕ್ಕೆ ಕುತ್ತು ತಂದುಕೊಳ್ಳಬೇಡಿ.

ಮಾರ್ಕರ್ ಏರಿದೆ, ಸ್ಕ್ಯಾನಿನಲ್ಲಿ ಏನೂ ಇಲ್ಲ. ಈಗೇನು?

ಮೊದಲು ಎರಡರಿಂದ ನಾಲ್ಕು ವಾರ ಬಿಟ್ಟು ಅದೇ ಲ್ಯಾಬಿನಲ್ಲಿ ಮರುಪರೀಕ್ಷೆ. ನಡುವೆ ಸೋಂಕು, ಕಾಮಾಲೆ, ಬಯೋಟಿನ್, ಹೊಸ ಔಷಧಿ ಇದ್ದವೇ ನೋಡಿ. ಯಾವ ಕಾರಣವೂ ಸಿಗದೆ, ಮಟ್ಟವೂ ಏರದೆ ನಿಂತಿದ್ದರೆ, ರಕ್ತದಲ್ಲಿರುವ ಹೆಟೆರೊಫೈಲ್ ಪ್ರತಿಕಾಯಗಳು ಯಂತ್ರವನ್ನು ದಾರಿ ತಪ್ಪಿಸುತ್ತಿರಬಹುದು. ಮಾದರಿಯನ್ನು ತೆಳುಮಾಡಿ ಅಥವಾ ಬೇರೆ ಕಂಪನಿಯ ಯಂತ್ರದಲ್ಲಿ ಪರೀಕ್ಷಿಸಲು ಲ್ಯಾಬನ್ನು ಕೇಳಬಹುದು. ಪ್ರತಿ ಸಲವೂ ಏರುತ್ತಲೇ ಇದ್ದರೆ ಪೆಟ್-ಸಿಟಿ ಎಂಬ ಇಡೀ ದೇಹದ ಸ್ಕ್ಯಾನ್ ಬಗ್ಗೆ ಮಾತು.

ವೈದ್ಯರ ಬಳಿ ಹೋಗುವಾಗ ಏನೇನು ಒಯ್ಯಬೇಕು?

ಒಂದು ಹಾಳೆಯಲ್ಲಿ ತಾರೀಕು, ಪರೀಕ್ಷೆಯ ಹೆಸರು, ಸಂಖ್ಯೆ, ಅಳತೆಯ ಮಾನ, ಲ್ಯಾಬ್, ಆಗ ನಡೆಯುತ್ತಿದ್ದ ಚಿಕಿತ್ಸೆ ಎಂದು ಆರು ಕಾಲಂ ಹಾಕಿ ಹಳೆಯದರಿಂದ ಬರೆಯುತ್ತಾ ಬನ್ನಿ. ಥರ್ಮಲ್ ಕಾಗದದ ರಿಪೋರ್ಟುಗಳು ಮಾಸಿಹೋಗುತ್ತವೆ, ಜೆರಾಕ್ಸ್ ಇಟ್ಟುಕೊಳ್ಳಿ. ಬಯಾಪ್ಸಿ ವರದಿಯ ಜೊತೆ ಸ್ಲೈಡ್ ಮತ್ತು ಬ್ಲಾಕ್ (ಗಡ್ಡೆಯ ಚೂರನ್ನು ಕಾಪಿಟ್ಟ ಗಾಜು ಮತ್ತು ಮೇಣದ ತುಂಡು) ಯಾವ ಆಸ್ಪತ್ರೆಯಲ್ಲಿವೆ ಎಂದೂ ಬರೆದಿಡಿ; ಬೇರೆ ಕಡೆ ಎರಡನೇ ಅಭಿಪ್ರಾಯಕ್ಕೆ ಹೋದರೆ ಮೊದಲು ಕೇಳುವುದು ಅವನ್ನೇ. ಆಯುರ್ವೇದ, ಹೋಮಿಯೋಪತಿ, ವಿಟಮಿನ್ ಸೇರಿ ನುಂಗುತ್ತಿರುವ ಎಲ್ಲ ಔಷಧಿಗಳ ಪಟ್ಟಿ ಅಥವಾ ಸ್ಟ್ರಿಪ್‌ಗಳನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ.